ಸಂಗ್ರಾಹಕನ ಉಯಿಲು, ಹರಾಜಿನ ಸುತ್ತಿಗೆ

2023ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ಒಂದು ಹಾಳೆ ಕಾಗದ ಮಾರಾಟಕ್ಕೆ ಬಂತು. ಅಗಲ ಸುಮಾರು 37 ಸೆಂಟಿಮೀಟರ್, ಎತ್ತರ 25 ಸೆಂಟಿಮೀಟರ್. ದಿನಪತ್ರಿಕೆಯ ಅರ್ಧ ಪುಟಕ್ಕಿಂತಲೂ ಚಿಕ್ಕದು. ಅದರ ಮೇಲೆ ಹೆಡೆ ಎತ್ತಿದ ಹಾವಿನಂತೆ ನಿಂತ ನೀಲಿ ಅಲೆ, ಅಲೆಯ ಬಾಯಿಗೆ ಸಿಕ್ಕ ಮೂರು ದೋಣಿಗಳು, ದೂರದಲ್ಲಿ ಪುಟ್ಟದಾಗಿ ಕಾಣುವ ಫುಜಿ ಪರ್ವತ. ಒಂದೇ ಕುಟುಂಬದ ಬಳಿ ನೂರಕ್ಕೂ ಹೆಚ್ಚು ವರ್ಷ ಇದ್ದ ಪ್ರತಿ ಅದು. ಐದರಿಂದ ಏಳು ಲಕ್ಷ ಡಾಲರ್ ಬರಬಹುದೆಂದು ಸಂಸ್ಥೆ ಅಂದಾಜು ಮಾಡಿತ್ತು. ಕೊನೆಗೆ ಬಂದದ್ದು 27 ಲಕ್ಷ 60 ಸಾವಿರ ಡಾಲರ್. ಅಂದಿನ ಲೆಕ್ಕದಲ್ಲಿ 22 ಕೋಟಿ ರೂಪಾಯಿಗೂ ಮೇಲೆ!

ಜಪಾನಿನ ಚಿತ್ರಕಾರ ಹೊಕುಸಾಯ್ 1831ರ ಸುಮಾರಿಗೆ, ತನ್ನ ಎಪ್ಪತ್ತರ ಇಳಿವಯಸ್ಸಿನಲ್ಲಿ ರಚಿಸಿದ ಚಿತ್ರ ಇದು. ‘ಮಹಾ ಅಲೆ’ ಎಂದೇ ಜಗತ್ತಿನಲ್ಲಿ ಹೆಸರಾಗಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇದು ಪ್ರಪಂಚದಲ್ಲಿ ಒಂದೇ ಒಂದು ಇರುವ ವಸ್ತುವಲ್ಲ. ಅಚ್ಚು ಹಾಕಿದ ಚಿತ್ರ. ಸಾವಿರಾರು ಪ್ರತಿಗಳು ಅಚ್ಚಾದವು. ಇಂದಿಗೂ ನೂರಕ್ಕೂ ಮಿಕ್ಕಿ ಪ್ರತಿಗಳು ಉಳಿದಿವೆ. ಮೊದಲು ಮಾರಾಟವಾದಾಗ ಅದರ ಬೆಲೆ ಒಂದೆರಡು ಬಟ್ಟಲು ಶಾವಿಗೆಯ ಬೆಲೆಯಷ್ಟಿತ್ತು ಎನ್ನುತ್ತಾರೆ. ಅಷ್ಟು ಅಗ್ಗದ ಹಾಳೆ ಇಷ್ಟು ದುಬಾರಿಯಾದದ್ದು ಹೇಗೆ? ಅದನ್ನು ಜೋಪಾನ ಮಾಡಿದವರು ಯಾರು? ಒಬ್ಬ ಸಂಗ್ರಾಹಕ ಜೀವಮಾನವಿಡೀ ಕೂಡಿಟ್ಟದ್ದು ಅವನ ನಂತರ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಚಿತ್ರಕಲೆಯ ಜೊತೆಗೆ ಚರಿತ್ರೆ, ಅರ್ಥಶಾಸ್ತ್ರ, ರಸಾಯನಶಾಸ್ತ್ರ ಎಲ್ಲವೂ ಕಣ್ಣಿಗೆ ಬೀಳುತ್ತವೆ.

ನಾಲ್ಕು ಕೈಗಳ ಕೆಲಸ

ಈಗಿನ ಟೋಕಿಯೊ ನಗರಕ್ಕೆ ಹಿಂದೆ ಎಡೊ ಎಂದು ಹೆಸರು. ಹದಿನೇಳನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಅಲ್ಲಿ ಬೆಳೆದ ವರ್ತಕರು, ಕುಶಲಕರ್ಮಿಗಳು, ಅಂಗಡಿಕಾರರಿಗಾಗಿ ಹುಟ್ಟಿದ ಕಲೆ ಈ ಮರದಚ್ಚಿನ ಚಿತ್ರಗಳು. ಜಪಾನೀ ಭಾಷೆಯಲ್ಲಿ ಇವಕ್ಕೆ ‘ಉಕಿಯೊ-ಎ’ ಎಂದು ಹೆಸರು. ‘ತೇಲುವ ಲೋಕದ ಚಿತ್ರಗಳು’ ಎಂದು ಅರ್ಥ. ಕಬುಕಿ ನಾಟಕದ ನಟರು, ಸುಮೊ ಮಲ್ಲರು, ಚೆಲುವೆಯರು, ಪ್ರವಾಸದ ತಾಣಗಳು ಇವುಗಳ ವಸ್ತು. ಒಂದು ಕಾಲದಲ್ಲಿ ನಮ್ಮ ಮನೆಗಳ ಗೋಡೆಯನ್ನು ಅಲಂಕರಿಸುತ್ತಿದ್ದ ಕ್ಯಾಲೆಂಡರ್ ಚಿತ್ರಗಳಂತೆ ಜನ ಇವನ್ನು ಕೊಳ್ಳುತ್ತಿದ್ದರು, ಹಳೆಯದಾದರೆ ಬಿಸಾಡುತ್ತಲೂ ಇದ್ದರು.

ಒಂದು ಚಿತ್ರದ ಹಿಂದೆ ನಾಲ್ಕು ಜನರ ದುಡಿಮೆ ಇತ್ತು. ಬಂಡವಾಳ ಹಾಕುವವನು ಪ್ರಕಾಶಕ. ಚಿತ್ರಕಾರ ತೆಳುವಾದ ಕಾಗದದ ಮೇಲೆ ಮಸಿಯಲ್ಲಿ ಗೆರೆಚಿತ್ರ ಬರೆದು ಕೊಡುತ್ತಿದ್ದ. ಕೆತ್ತುವವನು ಆ ಕಾಗದವನ್ನು ಚೆರಿ ಮರದ ಹಲಗೆಯ ಮೇಲೆ ಮುಖ ಅಡಿಯಾಗಿ ಅಂಟಿಸಿ, ಕಾಗದದ ಸಮೇತ ಮರವನ್ನು ಕೆತ್ತುತ್ತಿದ್ದ. ಗೆರೆಗಳು ಮಾತ್ರ ಉಬ್ಬಾಗಿ ಉಳಿಯುತ್ತಿದ್ದವು. ಅಂದರೆ ಚಿತ್ರಕಾರನ ಕೈಬರಹದ ಮೂಲ ಚಿತ್ರ ಈ ಕೆಲಸದಲ್ಲೇ ನಾಶವಾಗುತ್ತಿತ್ತು! ಅಚ್ಚಾದ ಪ್ರತಿಗಳೇ ಮೂಲ. ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಹಲಗೆಯ ಮೂಲೆಯಲ್ಲಿ ಕೊರೆದ ಗುರುತಿಗೆ ಕಾಗದವನ್ನು ಸರಿಯಾಗಿ ಕೂರಿಸಿದರೆ ಬಣ್ಣ ಗೆರೆ ದಾಟುತ್ತಿರಲಿಲ್ಲ. ನಾಲ್ಕನೆಯವನಾದ ಮುದ್ರಕ ಹಿಪ್ಪುನೇರಳೆ ಜಾತಿಯ ಗಿಡದ ನಾರಿನಿಂದ ಮಾಡಿದ ಕಾಗದವನ್ನು ತುಸು ಒದ್ದೆ ಮಾಡಿ ಹಲಗೆಯ ಮೇಲೆ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಉಜ್ಜುತ್ತಿದ್ದ. ಯಂತ್ರವೆಂಬುದು ಎಲ್ಲೂ ಇಲ್ಲ. ಕೈಯ ಒತ್ತಡ ಒಂದೇ ಸಾಧನ.

ಹೊಕುಸಾಯ್‌ನ ಅಲೆಗೆ ಹಾಕಿದ ನೀಲಿ ಮಾತ್ರ ಜಪಾನಿನದಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಆಕಸ್ಮಿಕವಾಗಿ ಸಿದ್ಧವಾದ ‘ಪ್ರಷ್ಯನ್ ನೀಲಿ’ ಎಂಬ ರಾಸಾಯನಿಕ ಬಣ್ಣ ಅದು. ವಿದೇಶೀಯರಿಗೆ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲೂ ಜಪಾನಿಗೆ ಸಮುದ್ರಮಾರ್ಗವಾಗಿ ಅದು ಬಂದಿತ್ತು. ಹಾಗಾಗಿ ಜಪಾನಿನ ಹೆಗ್ಗುರುತಾದ ಚಿತ್ರದಲ್ಲಿ ಯೂರೋಪಿನ ಬಣ್ಣವಿದೆ.

ಪ್ಯಾರಿಸ್‌ನ ಮನೆಯೊಂದರಲ್ಲಿ

1854ರಲ್ಲಿ ಅಮೆರಿಕದ ನೌಕಾಪಡೆಯ ಒತ್ತಡಕ್ಕೆ ಮಣಿದು ಜಪಾನ್ ತನ್ನ ಬಂದರುಗಳನ್ನು ತೆರೆಯತೊಡಗಿತು. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಪಾನಿನ ಸಾಮಾನುಗಳನ್ನು ಕಂಡ ಯೂರೋಪಿನವರು ಬೆರಗಾದರು. ಪಿಂಗಾಣಿ, ಬೀಸಣಿಗೆ, ರೇಷ್ಮೆಯ ಜೊತೆಗೆ ಈ ಮರದಚ್ಚಿನ ಚಿತ್ರಗಳೂ ಅಂಗಡಿಗೆ ಬಂದವು. ಮೊನೆ, ದೆಗಾ ಮೊದಲಾದ ಚಿತ್ರಕಾರರು ಅವನ್ನು ಕೊಂಡರು. ವಿನ್ಸೆಂಟ್ ವಾನ್ ಗೋ 1886-87ರ ಚಳಿಗಾಲದಲ್ಲಿ ಪ್ಯಾರಿಸ್‌ನ ವರ್ತಕ ಸೀಗ್‌ಫ್ರೀಡ್ ಬಿಂಗ್‌ನ ಅಂಗಡಿಯಿಂದ ನೂರಾರು ಚಿತ್ರಗಳನ್ನು ಕೊಂಡು, ಒಂದು ಹೋಟೆಲಿನಲ್ಲಿ ಪ್ರದರ್ಶಿಸಿ ಮಾರಲು ನೋಡಿದ. ವ್ಯಾಪಾರ ಆಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು, ಅವುಗಳಲ್ಲಿ ಹೆಚ್ಚಿನವು ಇಂದು ಆಮ್‌ಸ್ಟರ್‌ಡ್ಯಾಮ್‌ನ ವಾನ್ ಗೋ ಮ್ಯೂಸಿಯಮ್ಮಿನಲ್ಲಿವೆ.

ಇದೇ ಪ್ಯಾರಿಸ್‌ನ ಓತೈ ಎಂಬ ಬಡಾವಣೆಯಲ್ಲಿ ಎಡ್ಮಂಡ್ ದ ಗೊಂಕೂರ್ ಎಂಬ ಲೇಖಕನಿದ್ದ. 1822ರಲ್ಲಿ ಹುಟ್ಟಿದವನು. ತಮ್ಮ ಜೂಲ್‌ನೊಂದಿಗೆ ಸೇರಿ ಕಾದಂಬರಿ, ಚರಿತ್ರೆ, ದಿನಚರಿ ಬರೆದ. ಇಬ್ಬರೂ ಮದುವೆಯಾಗಲಿಲ್ಲ. 1870ರಲ್ಲಿ, ನಲವತ್ತು ತುಂಬುವ ಮೊದಲೇ ಜೂಲ್ ತೀರಿಕೊಂಡ. ಒಂಟಿಯಾದ ಅಣ್ಣ ಬರವಣಿಗೆಯಲ್ಲಿ, ಕಲಾವಸ್ತುಗಳ ಸಂಗ್ರಹದಲ್ಲಿ ಮುಳುಗಿಹೋದ. ಹದಿನೆಂಟನೆಯ ಶತಮಾನದ ಫ್ರೆಂಚ್ ರೇಖಾಚಿತ್ರಗಳು ಒಂದು ಕಡೆ, ಜಪಾನಿನ ಚಿತ್ರ, ಕಂಚು, ಅರಗಿನ ಕೆಲಸದ ಸಾಮಾನು ಇನ್ನೊಂದು ಕಡೆ. ಮನೆಯ ಒಂದೊಂದು ಕೋಣೆಯಲ್ಲಿ ಏನೇನಿದೆ ಎಂದು ವಿವರಿಸಿ 1881ರಲ್ಲಿ ಎರಡು ಸಂಪುಟಗಳ ಪುಸ್ತಕವನ್ನೇ ಬರೆದ.

ಅವನದು ಬರೀ ಕೂಡಿಡುವ ಹುಚ್ಚಲ್ಲ. 1891ರಲ್ಲಿ ಉತಮಾರೊ ಎಂಬ ಚಿತ್ರಕಾರನ ಬಗ್ಗೆ, 1896ರಲ್ಲಿ ಹೊಕುಸಾಯ್ ಬಗ್ಗೆ ಪುಸ್ತಕ ಬರೆದ. ಅವನಿಗೆ ಜಪಾನೀ ಭಾಷೆ ಬರುತ್ತಿರಲಿಲ್ಲ. ಮೂಲಗಳನ್ನು ಓದಿ ಅರ್ಥ ಹೇಳಿದವನು ಹಯಾಶಿ ತದಮಸ ಎಂಬ ಜಪಾನೀ ವರ್ತಕ. 1878ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ದುಭಾಷಿಯಾಗಿ ಬಂದ ಹಯಾಶಿ ಅಲ್ಲೇ ಅಂಗಡಿ ತೆರೆದು, ಒಂದೂವರೆ ಲಕ್ಷಕ್ಕೂ ಹೆಚ್ಚು ಮರದಚ್ಚಿನ ಚಿತ್ರಗಳನ್ನು ಜಪಾನಿನಿಂದ ತರಿಸಿ ಮಾರಿದ. ಅವನ ಪುಟ್ಟ ಮೊಹರು ಒತ್ತಿದ ಚಿತ್ರಗಳು ಇಂದಿಗೂ ಜಗತ್ತಿನ ಮ್ಯೂಸಿಯಮ್ಮುಗಳಲ್ಲಿ ಕಾಣಸಿಗುತ್ತವೆ.

1896ರ ಜುಲೈ ತಿಂಗಳಲ್ಲಿ ಗೊಂಕೂರ್ ಕಣ್ಮುಚ್ಚಿದ. ಉಯಿಲು ತೆರೆದು ಓದಿದಾಗ ಸಂಬಂಧಿಕರು ಬೆಚ್ಚಿಬಿದ್ದರು. ತನ್ನ ಸಂಗ್ರಹ ಮ್ಯೂಸಿಯಮ್ಮಿಗೆ ಹೋಗಕೂಡದು ಎಂದು ಅವನು ಬರೆದಿಟ್ಟಿದ್ದ. ಮ್ಯೂಸಿಯಂ ಎಂಬುದು ಅವನ ದೃಷ್ಟಿಯಲ್ಲಿ ತಣ್ಣಗಿನ ಗೋರಿ. ಅಲ್ಲಿ ಹಾದುಹೋಗುವವರು ಮನಸ್ಸಿಲ್ಲದೆ ಕಣ್ಣಾಡಿಸಿ ಹೋಗುತ್ತಾರೆ. ಅದರ ಬದಲು ಎಲ್ಲವನ್ನೂ ಹರಾಜು ಹಾಕಬೇಕು. ಒಂದೊಂದು ವಸ್ತುವನ್ನು ಸಂಪಾದಿಸಿದಾಗ ತನಗಾದ ಸಂತೋಷ, ತನ್ನಂಥದೇ ಅಭಿರುಚಿಯ ಇನ್ನೊಬ್ಬರಿಗೆ ಮತ್ತೆ ಸಿಗಬೇಕು. ಇದು ಅವನ ವಾದ. ಬಂದ ಹಣದಿಂದ ಹತ್ತು ಜನ ಸಾಹಿತಿಗಳ ಒಂದು ಅಕಾಡೆಮಿ ಸ್ಥಾಪಿಸಬೇಕು. ವರ್ಷಕ್ಕೊಮ್ಮೆ ಒಳ್ಳೆಯ ಗದ್ಯಕೃತಿಗೆ 5,000 ಫ್ರಾಂಕ್ ಬಹುಮಾನ ಕೊಡಬೇಕು. ಹೊಟ್ಟೆಪಾಡಿಗಾಗಿ ಲೇಖಕ ಕಚೇರಿಗಳಲ್ಲಿ ಸವೆಯುವುದನ್ನು ಅವನು ಕಂಡಿದ್ದ.

ಸಂಬಂಧಿಕರು ನ್ಯಾಯಾಲಯಕ್ಕೆ ಹೋದರು. ಉಯಿಲಿನ ಪರವಾಗಿ ವಾದಿಸಿದವರು ಮುಂದೆ ಫ್ರಾನ್ಸಿನ ರಾಷ್ಟ್ರಾಧ್ಯಕ್ಷರಾದ ರೇಮಂಡ್ ಪ್ವಾಂಕರೆ. ಉಯಿಲು ಗೆದ್ದಿತು.

ಹರಾಜಿನ ಒಳಮನೆ

1897ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಪ್ರಸಿದ್ಧ ಹರಾಜುಮನೆ ದ್ರುವೋದಲ್ಲಿ ಗೊಂಕೂರನ ಜಪಾನೀ ಹಾಗೂ ಚೀನೀ ಕಲಾವಸ್ತುಗಳು ಸುತ್ತಿಗೆಯ ಕೆಳಗೆ ಬಂದವು. ಅವನ್ನು ಪರಿಶೀಲಿಸಿ ಪಟ್ಟಿ ಮಾಡಿದ ತಜ್ಞ, ವಾನ್ ಗೋಗೆ ಚಿತ್ರ ಮಾರಿದ್ದ ಅದೇ ಬಿಂಗ್.

ಅಡಿಕೆ ಮಂಡಿಯ, ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ನೋಡಿದವರಿಗೆ ಕಲಾವಸ್ತುವಿನ ಹರಾಜು ತೀರ ಅಪರಿಚಿತವೇನಲ್ಲ. ಕೂಗುವವನು ಒಬ್ಬ, ಏರಿಸುವವರು ಹಲವರು, ಕೊನೆಗೆ ನಿಂತವನಿಗೆ ಮಾಲು. ವ್ಯತ್ಯಾಸ ಇರುವುದು ಅದರ ಹಿಂದಿನ ಸಿದ್ಧತೆಯಲ್ಲಿ. ಮಾಲೀಕ ಸಂಗ್ರಹವನ್ನು ಸಂಸ್ಥೆಗೆ ಒಪ್ಪಿಸಿದ ಮೇಲೆ ತಜ್ಞರು ಒಂದೊಂದನ್ನೂ ಪರೀಕ್ಷಿಸಿ, ಸಂಖ್ಯೆ ಕೊಟ್ಟು, ಸಚಿತ್ರ ಕೈಪಿಡಿ ಸಿದ್ಧಪಡಿಸುತ್ತಾರೆ. ಅದರಲ್ಲಿ ಅಂದಾಜು ಬೆಲೆ ಇರುತ್ತದೆ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಇನ್ನೊಂದು ಬೆಲೆಯನ್ನು ಮಾಲೀಕ ಮತ್ತು ಸಂಸ್ಥೆ ಗುಟ್ಟಾಗಿ ಇಟ್ಟುಕೊಂಡಿರುತ್ತಾರೆ. ಅಲ್ಲಿಗೆ ತಲುಪದಿದ್ದರೆ ವಸ್ತು ಮಾಲೀಕನಿಗೇ ವಾಪಸು. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯದೂ ಅಲ್ಲ. ಅದರ ಮೇಲೆ ಸುಮಾರು ಕಾಲು ಭಾಗದಷ್ಟನ್ನು ಸಂಸ್ಥೆಯ ಶುಲ್ಕವೆಂದು ಕೊಂಡವನು ತೆರಬೇಕು. ಪತ್ರಿಕೆಗಳಲ್ಲಿ ಬರುವ ಭಾರೀ ಮೊತ್ತದಲ್ಲಿ ಸಾಮಾನ್ಯವಾಗಿ ಈ ಶುಲ್ಕವೂ ಸೇರಿರುತ್ತದೆ.

ಒಂದೇ ಹಲಗೆಯಿಂದ ಬಂದ ಎರಡು ಪ್ರತಿಗಳ ಬೆಲೆಯಲ್ಲಿ ಅಜಗಜಾಂತರ ಇರುವುದು ಏಕೆ? ಮೊದಲನೆಯ ಕಾರಣ ಮರ. ಸಾವಿರಾರು ಬಾರಿ ಉಜ್ಜಿಸಿಕೊಂಡ ಹಲಗೆಯ ಗೆರೆಗಳು ಸವೆಯುತ್ತವೆ, ಮುರಿಯುತ್ತವೆ. ‘ಮಹಾ ಅಲೆ’ಯ ಎಡಮೇಲ್ಗಡೆ ಶೀರ್ಷಿಕೆ ಬರೆದ ಚೌಕಟ್ಟಿದೆ. ಅದರ ಗೆರೆ ಎಲ್ಲೆಲ್ಲಿ ತುಂಡಾಗಿದೆ ಎಂದು ನೋಡಿಯೇ ತಜ್ಞರು ಪ್ರತಿ ಮೊದಲಿನದೋ ತಡವಾಗಿ ಅಚ್ಚಾದದ್ದೋ ಎಂದು ಹೇಳುತ್ತಾರೆ. ಎರಡನೆಯದು ಬಣ್ಣ. ಸಸ್ಯಮೂಲದ ಬಣ್ಣಗಳು ಬೆಳಕಿಗೆ ಮಾಸುತ್ತವೆ. ಆ ಚಿತ್ರದ ಆಕಾಶದಲ್ಲಿದ್ದ ನಸುಗೆಂಪು ಹಲವು ಪ್ರತಿಗಳಲ್ಲಿ ಮಾಯವಾಗಿದೆ. ಮೂರನೆಯದು ಕಾಗದದ ಸ್ಥಿತಿ: ಅಂಚು ಕತ್ತರಿಸಿದ್ದಾರೆಯೇ, ಮಡಿಕೆ ಬಿದ್ದಿದೆಯೇ, ಹುಳು ತಿಂದಿದೆಯೇ. ನಾಲ್ಕನೆಯದು ವಂಶಾವಳಿ. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ. ಗೊಂಕೂರನ ಮನೆಯಲ್ಲಿದ್ದದ್ದು ಎಂದೊಡನೆ ಬೆಲೆಯ ತೂಕವೇ ಬೇರೆ. ಆ ವಸ್ತು ನಕಲಿಯಲ್ಲ, ಕದ್ದದ್ದಲ್ಲ ಎಂಬುದಕ್ಕೂ ಅದು ಸಾಕ್ಷಿ.

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚೀಟಿ ಕೂಡಿಸುವ ಮಕ್ಕಳಿಗೂ ಇದರಲ್ಲೊಂದು ಪಾಠವಿದೆ. ಯಾವುದು, ಎಲ್ಲಿಂದ, ಯಾವಾಗ, ಯಾರಿಂದ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದು. ಬರೆದಿಡದಿದ್ದರೆ ಅದು ರಾಶಿ, ಬರೆದಿಟ್ಟರೆ ಸಂಗ್ರಹ. ಪಕ್ಕದಲ್ಲಿ ಕೂತು ಬರೆಸುವ ತಂದೆ ತಾಯಿಯರು ಮಕ್ಕಳಿಗೆ ಚರಿತ್ರೆಯ ಮೊದಲ ಪಾಠವನ್ನೇ ಹೇಳಿಕೊಟ್ಟಂತಾಗುತ್ತದೆ.

ಇನ್ನೊಂದು ದಾರಿ ಹಿಡಿದವರು

ಗೊಂಕೂರನ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಅಮೆರಿಕದ ಬಾಸ್ಟನ್ ನಗರದ ಸ್ಪಾಲ್ಡಿಂಗ್ ಸಹೋದರರು ಆರು ಸಾವಿರಕ್ಕೂ ಹೆಚ್ಚು ಜಪಾನೀ ಚಿತ್ರಗಳನ್ನು ಕೂಡಿಸಿ, 1921ರಲ್ಲಿ ಅಲ್ಲಿನ ಲಲಿತಕಲಾ ಮ್ಯೂಸಿಯಮ್ಮಿಗೆ ದಾನ ಮಾಡಿದರು. ಒಂದೇ ಷರತ್ತು: ಅವನ್ನು ಎಂದೂ ಪ್ರದರ್ಶನಕ್ಕೆ ಇಡಕೂಡದು! ಬೆಳಕು ತಾಗಿದಷ್ಟೂ ಬಣ್ಣ ಹಾರುತ್ತದೆ ಎಂಬ ಭಯ. ಫಲವಾಗಿ ಇನ್ನೂರು ವರ್ಷ ಹಳೆಯ ಚಿತ್ರಗಳ ನೇರಳೆ, ಕೆಂಪು ಅಲ್ಲಿ ನಿನ್ನೆ ಹಚ್ಚಿದಂತೆ ಉಳಿದಿವೆ. ಮ್ಯೂಸಿಯಂ ಅವುಗಳ ಛಾಯಾಚಿತ್ರ ತೆಗೆಸಿ ಅಂತರ್ಜಾಲದಲ್ಲಿ ಇಟ್ಟಿರುವುದರಿಂದ ಕತ್ತಲಲ್ಲಿದ್ದೂ ಅವು ಎಲ್ಲರಿಗೂ ಕಾಣುತ್ತಿವೆ. ಆ ಸಹೋದರರಿಗೆ ಜಪಾನಿನಲ್ಲಿ ಚಿತ್ರಗಳನ್ನು ಕೊಂಡು ಕೊಟ್ಟವನು ಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ವಿಪರ್ಯಾಸ ನೋಡಿ, ಅದೇ ರೈಟ್ 1927ರಲ್ಲಿ ಸಾಲದ ಹೊರೆ ತಾಳಲಾರದೆ ತನ್ನ ಸ್ವಂತ ಸಂಗ್ರಹದ ಚಿತ್ರಗಳನ್ನು ನ್ಯೂಯಾರ್ಕಿನಲ್ಲಿ ಹರಾಜಿಗೆ ಬಿಡಬೇಕಾಯಿತು. ಎಲ್ಲ ಹರಾಜೂ ಉದಾತ್ತ ಉದ್ದೇಶದ್ದಲ್ಲ. ಹೆಚ್ಚಿನವು ಸಾವು, ಸಾಲ, ಪಾಲುಪಟ್ಟಿಯಿಂದ ಬಂದವು.

ಪ್ಯಾರಿಸ್‌ನ ಆಭರಣ ತಯಾರಕ ಆನ್ರಿ ವೆವೆರ್‌ನ ಸಂಗ್ರಹದ ಕತೆ ಇನ್ನೂ ಸ್ವಾರಸ್ಯದ್ದು. 1920ರಲ್ಲಿ ಅವನು ಸಾವಿರಾರು ಚಿತ್ರಗಳನ್ನು ಜಪಾನಿನ ಹಡಗು ಉದ್ಯಮಿ ಮತ್ಸುಕತ ಕೊಜಿರೊಗೆ ಒಟ್ಟಾಗಿ ಮಾರಿದ. ತನ್ನ ದೇಶದವರಿಗೊಂದು ಮ್ಯೂಸಿಯಂ ಕಟ್ಟಬೇಕೆಂಬುದು ಮತ್ಸುಕತನ ಕನಸು. 1927ರ ಹಣಕಾಸು ಬಿಕ್ಕಟ್ಟಿನಲ್ಲಿ ಅವನ ಕಂಪನಿ ಕುಸಿಯಿತು, ಕನಸು ಮುರಿಯಿತು. ಆದರೂ ಸುಮಾರು 8,000 ಮರದಚ್ಚಿನ ಚಿತ್ರಗಳು ಚದುರಿಹೋಗದೆ 1938ರಲ್ಲಿ ಜಪಾನಿನ ರಾಜಮನೆತನಕ್ಕೆ ಸಂದು, ಆಮೇಲೆ ಟೋಕಿಯೊದ ರಾಷ್ಟ್ರೀಯ ಮ್ಯೂಸಿಯಮ್ಮನ್ನು ಸೇರಿದವು. ವೆವೆರ್ ತನ್ನ ಬಳಿ ಉಳಿಸಿಕೊಂಡಿದ್ದ ಚಿತ್ರಗಳು ಮಾತ್ರ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಕಳೆದೇಹೋದವು ಎಂದು ಜನ ಭಾವಿಸಿದ್ದಾಗ, 1974ರಿಂದ ಲಂಡನ್ನಿನ ಸೋದೆಬೀಸ್ ಸಂಸ್ಥೆ ಅವನ್ನು ಕಂತುಕಂತಾಗಿ ಹರಾಜು ಹಾಕಿತು. ಕೊನೆಯ ಕಂತು ಬಂದದ್ದು 1997ರಲ್ಲಿ. ಒಬ್ಬನೇ ಮನುಷ್ಯನ ಸಂಗ್ರಹ. ಅರ್ಧ ಒಗ್ಗೂಡಿ ಊರು ಸೇರಿತು, ಅರ್ಧ ಜಗತ್ತಿನಲ್ಲೆಲ್ಲ ಹರಡಿತು.

ಊರು ಸೇರಿತು ಎಂದಾಗ ಹಯಾಶಿಯ ನೆನಪಾಗದಿರದು. ದೇಶದ ಸೊತ್ತನ್ನು ಪರದೇಶಕ್ಕೆ ಮಾರಿದ ದ್ರೋಹಿ ಎಂಬ ನಿಂದೆಯನ್ನು ಅವನು ತನ್ನ ನಾಡಿನಲ್ಲಿ ಹೊತ್ತ. ನಿಂದೆಯಲ್ಲಿ ಹುರುಳಿಲ್ಲ ಎನ್ನಲಾಗದು. ಉತ್ಕೃಷ್ಟ ಪ್ರತಿಗಳನ್ನು ನೋಡಬೇಕಾದರೆ ಇಂದಿಗೂ ಜಪಾನೀ ವಿದ್ವಾಂಸರು ಬಾಸ್ಟನ್ನಿಗೋ ಲಂಡನ್ನಿಗೋ ಹೋಗಬೇಕು. ಆದರೆ ಅವನು ವ್ಯಾಪಾರ ಮಾಡುತ್ತಿದ್ದ ದಿನಗಳಲ್ಲಿ ಜಪಾನಿನ ಗಣ್ಯರು ಈ ಚಿತ್ರಗಳನ್ನು ಕಲೆಯೆಂದೇ ಎಣಿಸುತ್ತಿರಲಿಲ್ಲ. 1923ರ ಭೂಕಂಪ ಮತ್ತು ಬೆಂಕಿ, 1945ರ ಬಾಂಬು ದಾಳಿ ಟೋಕಿಯೊ ನಗರವನ್ನು ಎರಡು ಬಾರಿ ಸುಟ್ಟವು. ಹೊರಗೆ ಹೋಗಿದ್ದವು ಬದುಕಿಕೊಂಡವು. ಹಯಾಶಿಗೂ ಒಂದು ಕನಸಿತ್ತು: ಪ್ಯಾರಿಸ್‌ನಲ್ಲಿ ತಾನು ಕೂಡಿಸಿದ ಪಾಶ್ಚಾತ್ಯ ಚಿತ್ರಗಳಿಂದ ಜಪಾನಿನಲ್ಲೊಂದು ಮ್ಯೂಸಿಯಂ ಮಾಡುವುದು. ಅವನ್ನೆಲ್ಲ ಹೊತ್ತು ಊರಿಗೆ ಮರಳಿದವನು 1906ರಲ್ಲಿ ತೀರಿಕೊಂಡ. ಆ ಚಿತ್ರಗಳು 1913ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾದವು. ಕೊಟ್ಟದ್ದಕ್ಕೆ ಬದಲಾಗಿ ಅವನು ತಂದದ್ದೂ ಊರಲ್ಲಿ ಉಳಿಯಲಿಲ್ಲ.

ಹಾಗಾದರೆ ಯಾವುದು ಸರಿ? ಕೂಡಿಟ್ಟದ್ದು ಒಂದೆಡೆ ಉಳಿದರೆ ವಿದ್ಯಾರ್ಥಿಗೆ, ಸಂಶೋಧಕನಿಗೆ ಲಾಭ. ಬಡವನ ಮಗನೂ ಟಿಕೆಟ್ ಕೊಂಡು ನೋಡಬಲ್ಲ. ಹರಾಜಾದರೆ ಹೊಸ ಕೈಗಳು, ಹೊಸ ಆಸಕ್ತಿ. ಆದರೆ ಶ್ರೀಮಂತನ ಕಪಾಟಿನೊಳಗೆ ಸೇರಿ ಮತ್ತೊಂದು ನೂರು ವರ್ಷ ಕಾಣದೆ ಹೋಗುವ ಅಪಾಯವೂ ಉಂಟು. ಮ್ಯೂಸಿಯಮ್ಮುಗಳ ಎಷ್ಟೋ ಒಳ್ಳೆಯ ಪ್ರತಿಗಳು ಒಂದಲ್ಲ ಒಂದು ಕಾಲದಲ್ಲಿ ಹರಾಜಿನ ಕಟ್ಟೆ ಹತ್ತಿಯೇ ಬಂದವು ಎಂಬುದನ್ನೂ ಮರೆಯುವಂತಿಲ್ಲ. ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಶಾಲೆಯ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಗೊಂಕೂರನ ಹಣ ಏನಾಯಿತು ಎಂಬುದಂತೂ ಸ್ಪಷ್ಟವಾಗಿದೆ. ಅಕಾಡೆಮಿ ಸ್ಥಾಪನೆಯಾಯಿತು. 1903ರಲ್ಲಿ ಮೊದಲ ಬಹುಮಾನ ಜಾನ್ ಆಂತ್ವಾನ್ ನೋ ಎಂಬ ಲೇಖಕನಿಗೆ ಸಂದಿತು. 1919ರಲ್ಲಿ ಮಾರ್ಸೆಲ್ ಪ್ರೂಸ್ತ್, 1921ರಲ್ಲಿ ಕರಿಯ ಲೇಖಕ ರೆನೆ ಮರಾನ್, 1984ರಲ್ಲಿ ಮಾರ್ಗರೀತ್ ದುರಾ ಅದನ್ನು ಪಡೆದರು. ಫ್ರೆಂಚ್ ಸಾಹಿತ್ಯದಲ್ಲಿ ಗೊಂಕೂರ್ ಪ್ರಶಸ್ತಿಗೆ ಮಿಗಿಲಾದ ಗೌರವ ಇಲ್ಲವೆಂದೇ ಹೇಳಬೇಕು. ಮೂಲಧನ ಕಾಲಕ್ರಮದಲ್ಲಿ ಕರಗಿ, ಬಹುಮಾನದ ಚೆಕ್ಕು ಇಂದು ಕೇವಲ 10 ಯೂರೋ! ಬಹಳ ಜನ ಅದನ್ನು ಬ್ಯಾಂಕಿಗೆ ಹಾಕುವ ಗೋಜಿಗೂ ಹೋಗಲಾರರು. ಆದರೆ ಪ್ರಶಸ್ತಿ ಬಂದ ಪುಸ್ತಕ ಲಕ್ಷಗಟ್ಟಲೆ ಪ್ರತಿ ಮಾರಾಟವಾಗುತ್ತದೆ. ಲೇಖಕ ನೆಮ್ಮದಿಯಾಗಿ ಕೂತು ಮುಂದಿನ ಪುಸ್ತಕ ಬರೆಯಬಹುದು. ಎಡೊ ನಗರದಲ್ಲಿ ಒಂದು ಬಟ್ಟಲು ಶಾವಿಗೆಯ ಬೆಲೆಗೆ ಮಾರಿಹೋದ ಹಾಳೆಗಳು, ಉಜ್ಜಿದವನ, ಕೆತ್ತಿದವನ ಹೆಸರೂ ಗೊತ್ತಿಲ್ಲದ ಹಾಳೆಗಳು, ಫ್ರಾನ್ಸಿನ ಲೇಖಕರಿಗೆ ಅನ್ನದ ದಾರಿ ಮಾಡಿಕೊಟ್ಟವು.